ರೇಖೆಗಿಂತ ಮೊದಲು ಬಟ್ಟೆ: ವಿಶ್ವವಿದ್ಯಾಲಯದಲ್ಲಿ ಉಡುಪು ವಿನ್ಯಾಸದ ಓದು



ವಿಶ್ವವಿದ್ಯಾಲಯದಲ್ಲಿ ಫ್ಯಾಷನ್ ಡಿಸೈನ್ ಓದುವುದು ಎಂದ ಕೂಡಲೇ ನಮ್ಮಲ್ಲಿ ಎರಡು ಮಾತು ಕೇಳಿಬರುತ್ತವೆ. ಹೊಲಿಗೆ ಕಲಿಯಲು ನಾಲ್ಕು ವರ್ಷದ ಪದವಿ ಏಕೆ, ಬೀದಿ ಕೊನೆಯ ಟೇಲರ್ ಅಂಗಡಿಯಲ್ಲಿ ಆರು ತಿಂಗಳು ಕೂತರೆ ಸಾಲದೇ ಎಂಬುದು ಒಂದು. ಅದು ಉಳ್ಳವರ ಮಕ್ಕಳ ಓದು, ರ‍್ಯಾಂಪು, ಸಿನಿಮಾ, ಮದುವೆ ಸೀಸನ್ನಿನ ಲೆಹೆಂಗಾ, ಅದಕ್ಕೂ ವಿದ್ಯೆಗೂ ಏನು ಸಂಬಂಧ ಎಂಬುದು ಇನ್ನೊಂದು. ಮೊದಲನೆಯದು ಈ ಓದನ್ನು ತೀರಾ ಕೆಳಗಿಡುತ್ತದೆ, ಎರಡನೆಯದು ಗಾಳಿಯಲ್ಲಿ ತೇಲಿಬಿಡುತ್ತದೆ. ಎರಡರ ಬುಡದಲ್ಲೂ ಇರುವ ನಂಬಿಕೆ ಒಂದೇ: ಬಟ್ಟೆಯಲ್ಲಿ ಬುದ್ಧಿ ಖರ್ಚು ಮಾಡಿ ತಿಳಿಯಬೇಕಾದದ್ದು ಏನೂ ಇಲ್ಲ. ಈ ನಂಬಿಕೆ ತಪ್ಪೆಂದು ತೋರಿಸುವುದು ನನ್ನ ಅರ್ಧ ಕೆಲಸ. ಉಳಿದರ್ಧ ತುಸು ಇರುಸುಮುರುಸಿನದು. ನಮ್ಮ ಫ್ಯಾಷನ್ ತರಗತಿಗಳೂ ಬಹುಮಟ್ಟಿಗೆ ಇದೇ ನಂಬಿಕೆಯ ಮೇಲೆ ನಡೆಯುತ್ತಿವೆ. ಅಲ್ಲಿ ವಿದ್ಯಾರ್ಥಿ ಮೊದಲು ಕಲಿಯುವುದು ಉದ್ದ ಕಾಲಿನ, ಸಣ್ಣ ನಡುವಿನ ಆಕೃತಿಯೊಂದನ್ನು ಬರೆದು ಅದಕ್ಕೆ ಬಣ್ಣ ತುಂಬುವುದನ್ನು. ಬಟ್ಟೆ ಆಮೇಲೆ, ಆ ಚಿತ್ರಕ್ಕೆ ಒಪ್ಪುವ ಸಾಮಗ್ರಿಯಾಗಿ, ಅಂಗಡಿಯಿಂದ ಬರುತ್ತದೆ. ನನ್ನ ವಾದವಿಷ್ಟು: ಉಡುಪು ವಿನ್ಯಾಸಕ್ಕೆ ವಿಶ್ವವಿದ್ಯಾಲಯದಲ್ಲಿ ನ್ಯಾಯವಾದ ಜಾಗವಿದೆ. ಆದರೆ ಆ ಜಾಗವನ್ನು ಅದು ಗಳಿಸಿಕೊಳ್ಳುವುದು ಈ ಕ್ರಮವನ್ನು ತಿರುಗುಮುರುಗು ಮಾಡಿದಾಗ ಮಾತ್ರ. ಹಾಗೆ ಮಾಡಹೊರಟರೆ ಬಟ್ಟೆಯನ್ನು ಬಲ್ಲವರು, ಎಂದರೆ ನೇಕಾರರು, ಕಸೂತಿಯವರು, ಕಟಿಂಗ್ ಮಾಸ್ಟರುಗಳು, ತರಗತಿಯೊಳಗೆ ಗುರುಗಳಾಗಿ ಬರಬೇಕಾಗುತ್ತದೆ.

ಈ ಕ್ರಮ ಹೀಗೇಕಾಯಿತು ಎಂಬುದಕ್ಕೆ ಚರಿತ್ರೆಯಲ್ಲಿ ಉತ್ತರವಿದೆ. ನಮ್ಮ ದೇಶದಲ್ಲಿ ಬಟ್ಟೆಯ ವಿದ್ಯೆ ಉನ್ನತ ಶಿಕ್ಷಣದೊಳಗೆ ಮೂರು ಬೇರೆ ಬೇರೆ ಬಾಗಿಲುಗಳಿಂದ ಬಂತು. ಮೊದಲನೆಯದು ಗೃಹವಿಜ್ಞಾನ. ಅಡುಗೆ, ಆರೋಗ್ಯ, ಶಿಶುಪಾಲನೆಯ ಪಕ್ಕದಲ್ಲಿ 'ಜವಳಿ ಮತ್ತು ಉಡುಪು' ಒಂದು ಪತ್ರಿಕೆಯಾಗಿ ಹೆಣ್ಣುಮಕ್ಕಳ ಕಾಲೇಜುಗಳಿಗೆ ಬಂತು, ಹೆಣ್ಣುಮಕ್ಕಳ ವಿಷಯವೆಂದೇ ಉಪೇಕ್ಷೆಗೂ ಒಳಗಾಯಿತು. ಎರಡನೆಯದು ಎಂಜಿನಿಯರಿಂಗ್. ಬೆಂಗಳೂರಿನ ಶ್ರೀ ಕೃಷ್ಣರಾಜೇಂದ್ರ ರಜತ ಮಹೋತ್ಸವ ತಾಂತ್ರಿಕ ಸಂಸ್ಥೆಯಂಥ ಕಡೆ ನೂಲು, ಯಂತ್ರ, ಬಣ್ಣದ ರಸಾಯನಶಾಸ್ತ್ರ ಕಲಿಸಿದರು. ತೊಡುವ ಮೈಯ ಬಗ್ಗೆ ಅಲ್ಲಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಮೂರನೆಯದು ವಿನ್ಯಾಸ. 1958ರಲ್ಲಿ ಅಮೆರಿಕದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ ಭಾರತ ಸರ್ಕಾರಕ್ಕೆ ಕೊಟ್ಟ ವರದಿಯ ಬೆನ್ನಿಗೆ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿತು. ಆ ವರದಿ ವಿನ್ಯಾಸದ ಮಾದರಿಯಾಗಿ ಎತ್ತಿಕೊಂಡದ್ದು ನಮ್ಮ ತಂಬಿಗೆಯನ್ನು, ಎಂದರೆ ಮಾಡಿದವರ ಹೆಸರಿಲ್ಲದ ವಸ್ತುವನ್ನು. ಇಪ್ಪತ್ತೈದು ವರ್ಷಗಳ ಬಳಿಕ, 1986ರಲ್ಲಿ, ದೆಹಲಿಯಲ್ಲಿ ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ (ನಿಫ್ಟ್) ಸ್ಥಾಪನೆಯಾದಾಗ ಗಾಳಿ ಬದಲಾಗಿತ್ತು. ಸಿದ್ಧ ಉಡುಪಿನ ರಫ್ತು ಬೆಳೆಯುತ್ತಿದ್ದ ಕಾಲ ಅದು. ನ್ಯೂಯಾರ್ಕಿನ ಫ್ಯಾಷನ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಸಹಯೋಗದಲ್ಲಿ, ಜವಳಿ ಸಚಿವಾಲಯದ ಅಡಿಯಲ್ಲಿ ಅದು ರೂಪುಗೊಂಡಿತು. ಬೆಂಗಳೂರು ಕೇಂದ್ರ 1997ರಲ್ಲಿ ಬಂತು. ಆಮೇಲೆ ರಾಜ್ಯದ ವಿಶ್ವವಿದ್ಯಾಲಯಗಳಲ್ಲೂ ಖಾಸಗಿ ಕಾಲೇಜುಗಳಲ್ಲೂ ಫ್ಯಾಷನ್ ಪದವಿಗಳು ಹಬ್ಬಿದವು. ಈ ಮೂರು ಮನೆಗಳ ನಡುವೆ ಹೋಗಿಬರುವ ದಾರಿಯನ್ನು ಮಾತ್ರ ಯಾರೂ ಮಾಡಲಿಲ್ಲ. ನೂಲಿನ ಹುರಿ ಬಲ್ಲವರಿಗೆ ಕತ್ತರಿ ಗೊತ್ತಿಲ್ಲ, ಕತ್ತರಿ ಬಲ್ಲವರಿಗೆ ಬಣ್ಣದ ಹದ ಗೊತ್ತಿಲ್ಲ. ಮೂರನ್ನೂ ಕೈಯಲ್ಲೇ ಬಲ್ಲವರು ಮೂರು ಮನೆಯ ಹೊರಗೆ ಉಳಿದರು.

ಬಟ್ಟೆಯನ್ನು ಅರಿಯುವುದು ಎಂದರೇನು? ಮೈಸೂರು ರೇಷ್ಮೆಯನ್ನೇ ತೆಗೆದುಕೊಳ್ಳೋಣ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ, ಮೈಸೂರಿನಲ್ಲಿ ಆರಂಭವಾದ ಕಾರ್ಖಾನೆಯ ಹೆಸರನ್ನು ಊರೂರಿಗೂ ಒಯ್ದದ್ದು ಕ್ರೇಪ್ ಸೀರೆ. ಕ್ರೇಪಿನ ಗುಟ್ಟು ಹುರಿಯಲ್ಲಿದೆ. ನೂಲಿಗೆ ಬಹಳ ಬಿಗಿಯಾಗಿ ಹುರಿ ಕೊಟ್ಟು, ಬಲಹುರಿಯ ಎಳೆಗಳನ್ನೂ ಎಡಹುರಿಯ ಎಳೆಗಳನ್ನೂ ಸರದಿಯಂತೆ ಸೇರಿಸಿ ನೇಯುತ್ತಾರೆ. ಹಸಿ ರೇಷ್ಮೆಯ ತೂಕದಲ್ಲಿ ಸುಮಾರು ಕಾಲು ಭಾಗ ಸೆರಿಸಿನ್ ಎಂಬ ಅಂಟು. ನೇಯ್ಗೆ ಮುಗಿದು ಆ ಅಂಟನ್ನು ಬೇಯಿಸಿ ತೆಗೆದಾಗ, ಬಿಗಿಹುರಿಯ ಎಳೆಗಳು ಎರಡು ದಿಕ್ಕಿಗೂ ಬಿಚ್ಚಿಕೊಳ್ಳಲು ಹೆಣಗುತ್ತವೆ. ಬಟ್ಟೆಯ ಮೈಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ನಿರಿಗೆ ಮೂಡುತ್ತದೆ, ಬಟ್ಟೆ ಮೈಗೆ ಇಳಿಬೀಳುವ ಗುಣ ಪಡೆಯುತ್ತದೆ. ಆ ಬೀಳುವಿಕೆ ಚಿತ್ರ ಬರೆದವರ ಕಲ್ಪನೆಯಲ್ಲಿ ಹುಟ್ಟಿದ್ದಲ್ಲ; ಹುರಿಯಂತ್ರದಲ್ಲೂ ಹಂಡೆಯಲ್ಲೂ ಹುಟ್ಟಿದ್ದು. 1920ರ ದಶಕದ ಪ್ಯಾರಿಸಿನಲ್ಲಿ ಮೆಡ್ಲೀನ್ ವಿಯೊನೆ ಇದನ್ನು ಅರಿತು, ಬಟ್ಟೆಯನ್ನು ಎಳೆಯ ನೇರಕ್ಕೆ ಬಳಸುವುದನ್ನು ಬಿಟ್ಟು ಓರೆಯಾಗಿ ಬಳಸಿದರು. ನಮ್ಮ ಟೇಲರುಗಳು 'ಕ್ರಾಸ್' ಎನ್ನುವುದು ಇದನ್ನೇ. ಆಕೆ ಹಾಳೆಯ ಮೇಲೆ ಚಿತ್ರ ಬರೆದು ವಿನ್ಯಾಸ ಮಾಡಿದವರಲ್ಲ. ಸಣ್ಣದೊಂದು ಮರದ ಬೊಂಬೆಯ ಮೇಲೆ ಬಟ್ಟೆ ಇಳಿಬಿಟ್ಟು, ಸುತ್ತಿ, ಪಿನ್ನು ಚುಚ್ಚಿ ಉಡುಪನ್ನು ಕಂಡುಕೊಂಡರು. ಓರೆಗೆ ಬೇಕೆಂದು ಹೆಚ್ಚು ಪನ್ನದ ಬಟ್ಟೆಯನ್ನೇ ನೇಯಿಸಿಕೊಂಡರು. ಇಪ್ಪತ್ತನೆಯ ಶತಮಾನದ ಉಡುಪಿನ ಚರಿತ್ರೆಯಲ್ಲಿ ದೊಡ್ಡ ಹೆಸರುಗಳಲ್ಲೊಂದನ್ನು ಆಕೆ ಕಟ್ಟಿಕೊಂಡದ್ದು ಹೀಗೆ, ಕೈಯಲ್ಲಿ ಯೋಚಿಸುತ್ತ.

ಇಳಕಲ್ ಸೀರೆಯ ಉದಾಹರಣೆ ಇನ್ನೂ ಕುತೂಹಲದ್ದು. ಅದರ ಒಡಲು ಸಾಂಪ್ರದಾಯಿಕವಾಗಿ ಹತ್ತಿ, ಸೆರಗು ರೇಷ್ಮೆ. ಎರಡಕ್ಕೂ ಬೇರೆ ಬೇರೆ ಹಾಸು ಮಾಡಿ, ಕುಣಿಕೆಗೆ ಕುಣಿಕೆ ಕೋದು ಮಗ್ಗದ ಮೇಲೆ ಜೋಡಿಸುತ್ತಾರೆ. ಕೆಂಪು ಬಿಳಿಯ ಟೋಪ ತೆನಿ ಸೆರಗು ಹೀಗೆ ಹುಟ್ಟುತ್ತದೆ. ಇದನ್ನು ಅಂದವೆಂದು ಹೊಗಳಿ ಮುಂದೆ ಹೋಗುವುದು ಸುಲಭ. ಆದರೆ ವಿನ್ಯಾಸ ಓದುವವರು ಇಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ: ಈ ಜೋಡಣೆಯಿಂದ ಏನಾಗುತ್ತದೆ? ಹಾಸಿನ ಉದ್ದ ಒಂದು ಸೀರೆಯ ಉದ್ದಕ್ಕೇ ನಿಲ್ಲುತ್ತದೆ, ಆರು ಗಜವಾಗಲಿ ಒಂಬತ್ತಾಗಲಿ. ಬೇರೆ ಮಗ್ಗಗಳಲ್ಲಿ ಒಮ್ಮೆ ಹಾಸು ಹೂಡಿದರೆ ಒಂದೇ ಬಗೆಯ ಬಟ್ಟೆ ಸಾಲುಸಾಲಾಗಿ ಬರುತ್ತದೆ. ಇಲ್ಲಿ ಪ್ರತಿ ಸೀರೆಗೂ ಬಣ್ಣ, ಅಂಚು, ಅಳತೆ ಬದಲಿಸುವ ಅವಕಾಶ ಮಗ್ಗದ ಲೆಕ್ಕಾಚಾರದೊಳಗೇ ಇದೆ. ಗಿರಾಕಿ ಕೇಳಿದ ಒಂದೇ ಒಂದು ತುಂಡನ್ನು ಮಾಡಿಕೊಡುವುದನ್ನು ಇಂದಿನ ಫ್ಯಾಷನ್ ಉದ್ಯಮ ಹೊಸ ಸಾಹಸವೆಂಬಂತೆ ಹೇಳಿಕೊಳ್ಳುತ್ತಿದೆ. ಬಾಗಲಕೋಟೆ ಜಿಲ್ಲೆಯ ಕುಣಿಮಗ್ಗದಲ್ಲಿ ಅದು ದಿನದ ಕೆಲಸ. ಈ ಸೀರೆಯ ಮೇಲೆ ಬರುವ ಕಸೂತಿಯನ್ನು ನೋಡಿ: ಗವಂತಿ, ಮುರ್ಗಿ, ನೇಯ್ಗಿ, ಮೆಂತಿ ಎಂಬ ನಾಲ್ಕು ಹೊಲಿಗೆ. ಬಟ್ಟೆಯ ಮೇಲೆ ಗೆರೆ ಎಳೆದುಕೊಳ್ಳುವುದಿಲ್ಲ, ಗಂಟು ಹಾಕುವುದಿಲ್ಲ, ಎಳೆ ಎಣಿಸಿ ಹಾಕುವುದು. ಗವಂತಿಯಲ್ಲಿ ಬಟ್ಟೆಯ ಎರಡೂ ಮಗ್ಗುಲು ಒಂದೇ ತರಹ ಕಾಣುತ್ತವೆ. ಹೋದ ದಾರಿಯಲ್ಲೇ ಸೂಜಿ ಹಿಂದಿರುಗಿ ಬಿಟ್ಟ ಜಾಗಗಳನ್ನು ತುಂಬಬೇಕು, ಎಲ್ಲಿಂದ ಹೊರಟರೆ ಎಲ್ಲಿಗೆ ಬಂದು ಮುಟ್ಟಬಹುದೆಂದು ಮೊದಲೇ ಲೆಕ್ಕ ಹಾಕಿರಬೇಕು. ಗಣಿತ ವಿಭಾಗದವರು ಇದನ್ನು ತಮ್ಮದೆಂದು ಹೇಳಿಕೊಂಡರೂ ಆಶ್ಚರ್ಯವಿಲ್ಲ. ಎಳೆ ಎಣಿಸಲಾಗದ ನಯದ ಬಟ್ಟೆ ಬಂದಾಗ ಕಸೂತಿಯವರು ಮೇಲೊಂದು ಜಾಳಿಗೆ ಬಟ್ಟೆ ತಾಗಿಸಿ, ಅದರ ಮೇಲೆ ಹಾಕಿ, ಆಮೇಲೆ ಜಾಳಿಗೆಯ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯುತ್ತಾರೆ. ಬಟ್ಟೆ ಬದಲಾದಾಗ ವಿಧಾನವನ್ನು ಬದಲಿಸಿ ಫಲವನ್ನು ಉಳಿಸಿಕೊಳ್ಳುವುದಕ್ಕೆ ವಿನ್ಯಾಸವೆನ್ನದೆ ಬೇರೆ ಏನನ್ನಬೇಕು?

ಬಟ್ಟೆಯ ತಿಳಿವಳಿಕೆಯಲ್ಲಿ ಹೊಲಿಯುವವರ ತಿಳಿವಳಿಕೆಯೂ ಸೇರಿದೆ. ಬೆಂಗಳೂರಿನ ಪೀಣ್ಯ, ಬೊಮ್ಮನಹಳ್ಳಿ, ಹೊಸೂರು ರಸ್ತೆಯ ಗಾರ್ಮೆಂಟ್ಸುಗಳಲ್ಲಿ ದುಡಿಯುವವರಲ್ಲಿ ಬಹುಪಾಲು ಹೆಣ್ಣುಮಕ್ಕಳು. ಅಲ್ಲಿ ಒಂದು ಅಂಗಿಯನ್ನು ಹತ್ತಾರು ಸಣ್ಣ ಕೆಲಸಗಳಾಗಿ ಒಡೆದು, ಒಂದೊಂದಕ್ಕೂ ಇಷ್ಟು ನಿಮಿಷವೆಂದು ಕಟ್ಟುತ್ತಾರೆ. ಕಾಗದದ ಮೇಲೆ ವಿನ್ಯಾಸಕಿ ಸೇರಿಸಿದ ಒಂದು ಜೇಬು, ಕಾಲರಿನ ಒಂದು ತಿರುವು, ಲೈನಿನಲ್ಲಿ ಕೂತ ಇನ್ನೊಬ್ಬಳ ನಿಮಿಷಗಳಾಗುತ್ತದೆ. ಸ್ಯಾಂಪಲ್ ಒಪ್ಪಿಗೆಯಾದ ಮೇಲೆ ಬಂದ ಬದಲಾವಣೆ ಅವಳ ಓವರ್‌ಟೈಮ್ ಆಗುತ್ತದೆ. 2016ರ ಏಪ್ರಿಲ್‌ನಲ್ಲಿ ಭವಿಷ್ಯನಿಧಿ ಹಿಂಪಡೆಯುವ ನಿಯಮ ಬಿಗಿಗೊಳಿಸಿದ್ದಕ್ಕೆ ಈ ಹೆಣ್ಣುಮಕ್ಕಳು ದೊಡ್ಡ ಸಂಖ್ಯೆಯಲ್ಲಿ ಬೀದಿಗಿಳಿದರು, ಕೇಂದ್ರ ಸರ್ಕಾರ ಆದೇಶವನ್ನು ವಾಪಸು ಪಡೆಯಬೇಕಾಯಿತು. ಅದಕ್ಕೆ ಮೂರು ವರ್ಷ ಮೊದಲು, 2013ರ ಏಪ್ರಿಲ್ 24ರಂದು, ಢಾಕಾ ಸಮೀಪದ ರಾಣಾ ಪ್ಲಾಜಾ ಕುಸಿದು 1,134 ಮಂದಿ ಸತ್ತಿದ್ದರು. ಇವೆರಡೂ ಫ್ಯಾಷನ್ ಚರಿತ್ರೆಯ ಪಾಠಗಳೇ. ಶನೆಲ್, ಡಿಯೋರ್ ಬಗ್ಗೆ ಉತ್ತರ ಬರೆಯುವ ವಿದ್ಯಾರ್ಥಿಗೆ ತನ್ನ ಕಾಲೇಜಿನಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ ನಡೆದದ್ದು ಗೊತ್ತಿಲ್ಲದಿದ್ದರೆ ಪಠ್ಯಕ್ರಮದಲ್ಲಿ ಏನೋ ಕೊರೆಯಿದೆ.

ಈಗ ಆಕ್ಷೇಪಣೆಗಳು. ಮೊದಲನೆಯದು ವಿಶ್ವವಿದ್ಯಾಲಯದ ಒಳಗಿನಿಂದಲೇ ಬರುತ್ತದೆ: ಹೀಗೆ ಬಟ್ಟೆ, ಹುರಿ, ಕತ್ತರಿ ಎಂದು ಹೊರಟರೆ ಪದವಿ ಐಟಿಐ ಆಗಿಬಿಡುವುದಿಲ್ಲವೇ? ವಿಶ್ವವಿದ್ಯಾಲಯದ ಕೆಲಸ ಚಿಂತನೆ, ಕೈಕೆಲಸವಲ್ಲ. ಈ ಮಾತನ್ನು ಕನ್ನಡದ ವೇದಿಕೆಯ ಮೇಲೆ ನಿಂತು ಹೇಳುವವರು ತುಸು ಹಿಂಜರಿಯಬೇಕು. ನೇಕಾರ ಜೇಡರ ದಾಸಿಮಯ್ಯ, ನೂಲುವ ಕದಿರ ರೆಮ್ಮವ್ವೆ, ಸೂಜಿಕಾಯಕದ ರಾಮಿತಂದೆ ನಮ್ಮ ಚಿಂತನೆಯ ಚರಿತ್ರೆಯೊಳಗೆ ಇರುವವರು, ಹೊರಗಲ್ಲ. ಆದರೆ ಪೂರ್ವಜರನ್ನು ಸಾಕ್ಷಿಗೆ ಕರೆದು ವಾದ ಮುಗಿಸುವುದು ಸೋಮಾರಿತನ. ಇತ್ತೀಚಿನ ಸಾಕ್ಷಿ ಕೊಡುತ್ತೇನೆ. ಅಲೆಕ್ಸಾಂಡರ್ ಮೆಕ್ವೀನ್ ಹದಿನಾರಕ್ಕೆ ಶಾಲೆ ಬಿಟ್ಟು ಲಂಡನ್ನಿನ ಸ್ಯಾವಿಲ್ ರೋದ ದರ್ಜಿ ಅಂಗಡಿಗೆ ಕೆಲಸ ಕಲಿಯಲು ಸೇರಿದವರು. ಅಲ್ಲಿ ಕೋಟು, ಪ್ಯಾಂಟು ಕತ್ತರಿಸುವುದನ್ನು ಕಲಿತು, ಮುಂದೆ ಸೆಂಟ್ರಲ್ ಸೇಂಟ್ ಮಾರ್ಟಿನ್ಸ್ ಕಾಲೇಜಿಗೆ ಪ್ಯಾಟರ್ನ್ ಕಟಿಂಗ್ ಕಲಿಸುವ ಕೆಲಸ ಕೇಳಿಕೊಂಡು ಹೋದರು. ಕೆಲಸ ಸಿಗಲಿಲ್ಲ; ಬದಲಿಗೆ ಸ್ನಾತಕೋತ್ತರ ತರಗತಿಗೇ ಸೇರಿಸಿಕೊಂಡರು. 1992ರಲ್ಲಿ ಅವರು ಪದವಿ ಮುಗಿಸಿದರು, ಮುಂದಿನದು ಲೋಕಕ್ಕೆ ಗೊತ್ತು. ಇಲ್ಲಿ ಗಮನಿಸಬೇಕಾದದ್ದು ಎರಡು. ಕತ್ತರಿಯ ಜ್ಞಾನ ಅವರ ಚಿಂತನೆಗೆ ಅಡ್ಡಿಯಾಗಲಿಲ್ಲ, ಚಿಂತಿಸಲು ಅವರಿಗೆ ಸಿಕ್ಕ ಸಾಧನವೇ ಅದು. ಎರಡನೆಯದಾಗಿ, ಕಾಲೇಜೂ ಅವರಿಗೆ ಏನನ್ನೋ ಕೊಟ್ಟಿತು: ಗ್ರಂಥಾಲಯ, ಇತಿಹಾಸ, ಸಹಪಾಠಿಗಳು, ತಪ್ಪು ಮಾಡಲು ಬಿಡುವು. ದರ್ಜಿ ಅಂಗಡಿಯಲ್ಲಿ ಅದು ಸಿಗುತ್ತಿರಲಿಲ್ಲ, ಅಲ್ಲಿ ಗಿರಾಕಿ ಕಾಯುತ್ತಿರುತ್ತಾನೆ. ಆದ್ದರಿಂದ ಟೇಲರ್ ಅಂಗಡಿಯೇ ಸಾಕು ಎನ್ನುವವರಿಗೂ ಇದೇ ಉತ್ತರ. ಅಂಗಡಿ ವಿದ್ಯೆ ಕಲಿಸುತ್ತದೆ; ಆ ವಿದ್ಯೆಯನ್ನು ಪ್ರಶ್ನಿಸುವ ಸಮಯವನ್ನು ಅದು ಕೊಡಲಾರದು.

ಎರಡನೆಯ ಆಕ್ಷೇಪ ತಂದೆತಾಯಿಗಳದು, ಹೆಚ್ಚು ಗಂಭೀರವಾದದ್ದು. ಸಾಲ ಮಾಡಿ ಓದಿಸುತ್ತೇವೆ, ಮಗಳಿಗೆ ಕೆಲಸ ಸಿಗಬೇಕು. ಕೈಮಗ್ಗದ ಮೇಲಿನ ಮಮಕಾರದಿಂದ ಸಂಬಳ ಬರುವುದಿಲ್ಲ. ಈ ಮಾತಿನಲ್ಲಿ ಸತ್ಯವಿದೆ, ಅದನ್ನು ಹಗುರಾಗಿ ತಳ್ಳಿಹಾಕಬಾರದು. ಆದರೆ ಕೆಲಸ ಎಲ್ಲಿದೆ ಎಂದು ನೋಡಿ. ರ‍್ಯಾಂಪಿನ ಮೇಲೆ ತನ್ನ ಹೆಸರಿನ ಸಂಗ್ರಹ ತೋರಿಸುವವರು ಬೆರಳೆಣಿಕೆಯಷ್ಟು. ಉಳಿದವರು ಸೇರುವುದು ರಫ್ತು ಕಂಪನಿಗಳ ಸ್ಯಾಂಪಲ್ ವಿಭಾಗಕ್ಕೆ, ಚಿಲ್ಲರೆ ಬ್ರ್ಯಾಂಡುಗಳ ಖರೀದಿ ವಿಭಾಗಕ್ಕೆ, ಗುಣಮಟ್ಟ ಪರೀಕ್ಷೆಗೆ. ಅಲ್ಲಿ ಬೈಯರ್ ಕೇಳುವ ಪ್ರಶ್ನೆಗಳು ಬಟ್ಟೆಯ ಪ್ರಶ್ನೆಗಳೇ: ಒಗೆದರೆ ಎಷ್ಟು ಕುಗ್ಗುತ್ತದೆ, ಜಿಎಸ್‌ಎಂ, ಎಂದರೆ ಚದರ ಮೀಟರಿನ ತೂಕ, ಎಷ್ಟು, ಇದೇ ಬೀಳುವಿಕೆ ಕಡಿಮೆ ಬೆಲೆಯ ಬಟ್ಟೆಯಲ್ಲಿ ಸಿಗುತ್ತದೆಯೇ, ಕತ್ತರಿಸುವ ನಕ್ಷೆಯಾದ ಮಾರ್ಕರಿನಲ್ಲಿ ಎಷ್ಟು ಬಟ್ಟೆ ಪೋಲಾಗುತ್ತದೆ. ಉಡುಪಿನ ವೆಚ್ಚದಲ್ಲಿ ಸಾಮಾನ್ಯವಾಗಿ ಅರ್ಧಕ್ಕೂ ಹೆಚ್ಚು ಬಟ್ಟೆಯದು. ಅದನ್ನು ಬಲ್ಲವಳಿಗೆ ಕೆಲಸ ಸಿಗುತ್ತದೆ. ಚಂದದ ಚಿತ್ರಗಳ ಪೋರ್ಟ್‌ಫೋಲಿಯೊ ಸಂದರ್ಶನದ ಮೊದಲ ಹತ್ತು ನಿಮಿಷ ಕಾಪಾಡೀತು, ಅಷ್ಟೆ. ಇನ್ನು ಮಮಕಾರದ ಮಾತು. ಸಾಗರ ತಾಲೂಕಿನ ಭೀಮನಕೋಣೆಯಲ್ಲಿ ರಂಗಕರ್ಮಿ ಪ್ರಸನ್ನ ಅವರ ಒತ್ತಾಸೆಯಲ್ಲಿ ಬೆಳೆದ 'ಚರಕ' ಮಹಿಳಾ ಸಹಕಾರ ಸಂಘ ಅಡಿಕೆ ಚೊಗರಿನಂಥ ಸಹಜ ಬಣ್ಣ ಬಳಸಿ ಕೈಮಗ್ಗದ ಬಟ್ಟೆಯನ್ನು ಸಿದ್ಧ ಉಡುಪಾಗಿ ಹೊಲಿದು 'ದೇಸಿ' ಅಂಗಡಿಗಳ ಮೂಲಕ ಮಾರಿತು. ಅದರ ಹಾದಿ ಸುಗಮವಾಗಿರಲಿಲ್ಲ, ಹಣಕಾಸಿನ ತಾಪತ್ರಯ ಬಂತು. 2017ರಲ್ಲಿ ಕೈಉತ್ಪನ್ನಗಳ ಮೇಲಿನ ಜಿಎಸ್‌ಟಿ ವಿರುದ್ಧ ಪ್ರಸನ್ನ ಕರ ನಿರಾಕರಣೆಗೇ ಇಳಿದರು. ಆದರೂ ಆ ಜುಬ್ಬಾ ಕೊಂಡು ತೊಟ್ಟವರು ಕರ್ನಾಟಕದ ಮಧ್ಯಮ ವರ್ಗದಲ್ಲಿ ಬಹಳ ಜನರಿದ್ದಾರೆ. ಅಂದರೆ ಇಲ್ಲಿ ಬೇಡಿಕೆಯಿದೆ. ಕೊರತೆಯಿರುವುದು ಅಳತೆ, ಬಣ್ಣದ ಗಟ್ಟಿತನ, ಹೊಲಿಗೆಯ ಅಚ್ಚುಕಟ್ಟನ್ನು ಕಾಪಾಡಬಲ್ಲ ತರಬೇತಾದ ಕೈಗಳದು. ಪದವೀಧರರು ಮಾಡಬೇಕಾದ ಕೆಲಸ ಅದೇ.

ಕಂಪ್ಯೂಟರ್ ಬಂದಿದೆ, ಪರದೆಯ ಮೇಲೇ ಬೊಂಬೆಗೆ ಉಡುಪು ತೊಡಿಸಿ ನೋಡಬಹುದು, ಇನ್ನು ಮಗ್ಗ ಕತ್ತರಿಗಳ ಮಾತೇಕೆ ಎನ್ನುವವರಿಗೆ ಉತ್ತರ ಚಿಕ್ಕದು. ಆ ತಂತ್ರಾಂಶಕ್ಕೆ ಬಟ್ಟೆಯ ತೂಕ, ಬಾಗುವಿಕೆ, ಹಿಗ್ಗುವಿಕೆ ಅಳೆದು ಕೊಡಬೇಕು. ಪರದೆಯ ಮೇಲಿನ ಬಟ್ಟೆ ಸುಳ್ಳು ಹೇಳುತ್ತಿದ್ದರೆ ಅದನ್ನು ಹಿಡಿಯುವುದು ನಿಜವಾದ ಬಟ್ಟೆ ಮುಟ್ಟಿ ಗೊತ್ತಿರುವ ಕೈ. ಜಪಾನಿನ ಇಸ್ಸೆ ಮಿಯಾಕೆ ತಂತ್ರಜ್ಞಾನವನ್ನು ಎಲ್ಲರಿಗಿಂತ ಮುಂದೆ ಒಯ್ದವರು. 1990ರ ದಶಕದಲ್ಲಿ ಅವರು ಮಾಡಿದ್ದೇನು? ಉಡುಪನ್ನು ಮೊದಲು ದೊಡ್ಡದಾಗಿ ಹೊಲಿದು ಆಮೇಲೆ ಶಾಖದಲ್ಲಿ ನಿರಿಗೆ ಹಿಡಿಸಿದರು. ಮುಂದೆ ಯಂತ್ರದಿಂದ ಕೊಳವೆಯಾಗಿ ಹೊರಬರುವ ಬಟ್ಟೆಯೊಳಗೇ ಉಡುಪಿನ ಆಕಾರವನ್ನು ಸೇರಿಸಿ, ಕತ್ತರಿಸಿಕೊಂಡರೆ ತೊಡಬಹುದಾದಂತೆ ಮಾಡಿದರು. ಗುಳೇದಗುಡ್ಡದಲ್ಲಿ ಕುಪ್ಪಸಕ್ಕೆಂದೇ ಅಂಚು ಸಹಿತ ಖಣ ನೇಯುವುದರ ಹಿಂದಿರುವ ಯೋಚನೆಯೂ ಇದರ ಹತ್ತಿರದ್ದೇ: ಉಡುಪು ಕತ್ತರಿ ಮೇಜಿನ ಮೇಲೆ ಶುರುವಾಗುವುದಿಲ್ಲ, ಮಗ್ಗದಲ್ಲೇ ಶುರುವಾಗಿರುತ್ತದೆ.

ಎಲ್ಲಕ್ಕಿಂತ ಕಠಿಣವಾದ ಆಕ್ಷೇಪ ನೇಕಾರರ ಮನೆಯಿಂದ ಬರುತ್ತದೆ. ನಮ್ಮ ಮಕ್ಕಳು ಮಗ್ಗ ಬಿಟ್ಟು ಹೋಗುತ್ತಿದ್ದಾರೆ, ನಿಮ್ಮ ಮಕ್ಕಳು ಅದನ್ನು ನೋಡಲು ಕ್ಯಾಮೆರಾ ಹಿಡಿದು ಬರುತ್ತಿದ್ದಾರೆ, ಇದರಿಂದ ನಮಗೇನು? 2019–20ರ ಕೈಮಗ್ಗ ಗಣತಿಯ ಪ್ರಕಾರ ದೇಶದಲ್ಲಿ 35.22 ಲಕ್ಷ ಕೈಮಗ್ಗ ಕೆಲಸಗಾರರಿದ್ದಾರೆ, ಬಹುಪಾಲು ಮಹಿಳೆಯರು, ಬಹುಪಾಲು ಕಡಿಮೆ ಆದಾಯದವರು. ವಿದ್ಯಾರ್ಥಿಗಳು ನೇಕಾರರ ಊರಿಗೆ ಹೋಗುವ 'ಕ್ಲಸ್ಟರ್ ಭೇಟಿ' ಈಗ ಹಲವು ಕಾಲೇಜುಗಳಲ್ಲಿ ಇದೆ. ವರದಿಯಲ್ಲಿ ಊರಿನ ಹೆಸರಿರುತ್ತದೆ, ನೇಕಾರರ ಹೆಸರು ಒಂದು ಚಿತ್ರದ ಅಡಿಬರಹದಲ್ಲಿರುತ್ತದೆ, ಅಂಕ ವಿದ್ಯಾರ್ಥಿಗೆ ಸೇರುತ್ತದೆ. ಮಂಗಳೂರಿನ ಮಗಳು ಕಮಲಾದೇವಿ ಚಟ್ಟೋಪಾಧ್ಯಾಯ 1950ರ ದಶಕದಿಂದ ಕರಕುಶಲ ಮಂಡಳಿಯ ಚುಕ್ಕಾಣಿ ಹಿಡಿದು ದುಡಿದದ್ದು ಈ ಅಸಮತೆಯ ವಿರುದ್ಧವೇ. ಬೇರೆ ದಾರಿ ಇದೆ ಎಂಬುದಕ್ಕೆ ಕಛ್‌ನಲ್ಲಿ ಪುರಾವೆಯಿದೆ. ಜವಳಿ ವಿದ್ವಾಂಸೆ ಜೂಡಿ ಫ್ರೇಟರ್ 2005ರಲ್ಲಿ ಕಲಾ ರಕ್ಷಾ ವಿದ್ಯಾಲಯವನ್ನೂ 2014ರಲ್ಲಿ ಸೋಮಯ್ಯ ಕಲಾ ವಿದ್ಯಾವನ್ನೂ ಕಟ್ಟಿದರು. ಅಲ್ಲಿ ವಿದ್ಯಾರ್ಥಿಗಳೇ ನೇಕಾರರು, ಕಸೂತಿಯವರು. ಸ್ಥಳೀಯ ಭಾಷೆಯಲ್ಲಿ ಎರಡೆರಡು ವಾರದ ಪಾಠಗಳು, ನಡುವೆ ಮನೆಗೆ ಹೋಗಿ ದುಡಿಮೆ. ಹಾಗೆ ಕಲಿತ ಭುಜೋಡಿಯ ನೇಕಾರರು ಮುಂದೆ ನಮ್ಮ ಬಾಗಲಕೋಟೆಗೇ ಬಂದು, ಇಳಕಲ್ ಶೈಲಿಯ ನೇಕಾರರೊಂದಿಗೆ ಕೂತು ವಿನ್ಯಾಸ ಹಂಚಿಕೊಂಡರು. ನೇಕಾರರಿಗೆ ನೇಕಾರರೇ ವಿನ್ಯಾಸದ ಗುರುವಾದರು. ಆ ಗುರುವಿಗೆ ನಮ್ಮ ವಿಶ್ವವಿದ್ಯಾಲಯದ ತರಗತಿಯಲ್ಲಿ ಕುರ್ಚಿ ಏಕಿಲ್ಲ? ಪದವಿಯಿಲ್ಲ ಎಂಬ ಸಬೂಬು ಈಗ ನಿಲ್ಲುವುದಿಲ್ಲ. 2022ರಲ್ಲಿ ಯುಜಿಸಿ ತಂದ 'ಪ್ರೊಫೆಸರ್ ಆಫ್ ಪ್ರಾಕ್ಟೀಸ್' ಮಾರ್ಗಸೂಚಿ ಔಪಚಾರಿಕ ಪದವಿಯಿಲ್ಲದ ಪರಿಣತರನ್ನೂ ನೇಮಿಸಲು ಅವಕಾಶ ಕೊಟ್ಟಿದೆ. ಅದನ್ನು ಕಂಪನಿಗಳ ಅಧಿಕಾರಿಗಳಿಗಷ್ಟೇ ಮೀಸಲಿಡಬೇಕೆಂದು ಎಲ್ಲೂ ಬರೆದಿಲ್ಲ.

ಬಾಗಿಲಿನ ಇನ್ನೊಂದು ಚಿಲಕ ಭಾಷೆ. ನಿಫ್ಟ್ ಪ್ರವೇಶ ಪರೀಕ್ಷೆಯ ಸಾಮಾನ್ಯ ಸಾಮರ್ಥ್ಯದ ಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿರುತ್ತದೆ. ಸೃಜನಶೀಲತೆಯ ಪತ್ರಿಕೆ ಹೆಚ್ಚಾಗಿ ಚಿತ್ರ ಬರೆಯುವ ಕೈಯನ್ನು ನೋಡುತ್ತದೆ, ಅದಕ್ಕೆ ನಗರಗಳಲ್ಲಿ ಕೋಚಿಂಗ್ ಇದೆ. ಹಾಸು, ಹೊಕ್ಕು, ಲಾಳಿಗಳ ನಡುವೆ ಬೆಳೆದ, ಕನ್ನಡ ಮಾಧ್ಯಮದ ಹುಡುಗಿಗೆ ಬಟ್ಟೆಯ ಬಗ್ಗೆ ಗೊತ್ತಿರುವುದನ್ನು ಕೇಳುವ ಒಂದು ಪ್ರಶ್ನೆಯೂ ಅಲ್ಲಿಲ್ಲದಿದ್ದರೆ ಅವಳು ಸೋಲುವುದು ಅಜ್ಞಾನದಿಂದಲ್ಲ. ಕೇಂದ್ರ ಸಂಸ್ಥೆಯನ್ನು ಬದಲಿಸುವುದು ನಮ್ಮ ಕೈಯಲ್ಲಿಲ್ಲದಿರಬಹುದು. ರಾಜ್ಯದ ವಿಶ್ವವಿದ್ಯಾಲಯಗಳು ನಮ್ಮವೇ. ಅಲ್ಲಿ ಪ್ರವೇಶಕ್ಕೆ ಕೈಗೊಂದು ಬಟ್ಟೆ ಕೊಟ್ಟು, ಇದನ್ನು ಮಡಿಸಿ, ಸುತ್ತಿ, ಎಳೆದು ನೋಡಿ ನಿಮಗೆ ತಿಳಿದದ್ದನ್ನು ನಿಮ್ಮ ಭಾಷೆಯಲ್ಲಿ ಹೇಳಿ ಎಂದು ಕೇಳಬಹುದು. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಹತ್ತಿಯ ತಳಿ ಬೆಳೆಸುವವರೂ ಉಡುಪು ವಿನ್ಯಾಸ ಕಲಿಸುವವರೂ ಒಂದೇ ಆವರಣದಲ್ಲಿದ್ದಾರೆ. ಹೊಲದಿಂದ ಹೊಲಿಗೆಯವರೆಗೆ ಒಂದೇ ಪಠ್ಯಕ್ರಮ ಕಟ್ಟಲು ಇದಕ್ಕಿಂತ ಅನುಕೂಲವಾದ ಜಾಗ ಸುಲಭಕ್ಕೆ ಸಿಗದು.

ಕೊನೆಗೆ ಪರೀಕ್ಷೆ ಮತ್ತು ದುಡ್ಡಿನ ಮಾತು, ಏಕೆಂದರೆ ಪಠ್ಯಕ್ರಮದ ಸುಧಾರಣೆಗಳು ಸಾಮಾನ್ಯವಾಗಿ ಇಲ್ಲೇ ಮುಗ್ಗರಿಸುತ್ತವೆ. ಅಂತಿಮ ವರ್ಷದ ಜ್ಯೂರಿಯಲ್ಲಿ ಒಬ್ಬ ಕಟಿಂಗ್ ಮಾಸ್ಟರ್, ಒಬ್ಬ ನೇಕಾರರು ಇರಲಿ. ಉಡುಪನ್ನು ಒಳಮೈ ತಿರುಗಿಸಿ ನೋಡಿ ಅಂಕ ಕೊಡಲಿ. ಹಾಗೆ ಕರೆಸಿಕೊಂಡರೆ ಅಷ್ಟು ದಿನ ಅವರ ಮಗ್ಗ ನಿಲ್ಲುತ್ತದೆ, ಮಗ್ಗದ ಜೊತೆ ನೂಲು ಸುತ್ತುವ, ಹಾಸು ಹೂಡುವ ಮನೆಮಂದಿಯ ಕೆಲಸವೂ ನಿಲ್ಲುತ್ತದೆ. ಅತಿಥಿ ಉಪನ್ಯಾಸಕರ ಗಂಟೆ ಲೆಕ್ಕದ ಗೌರವಧನ, ಎರಡನೇ ದರ್ಜೆಯ ಪ್ರಯಾಣ ಭತ್ಯೆ ಅದನ್ನು ತುಂಬುವುದಿಲ್ಲ. ನಮ್ಮ ವಿಶ್ವವಿದ್ಯಾಲಯಗಳಲ್ಲಿ ದತ್ತಿಗಳು ಬಹಳಷ್ಟಿವೆ. ಅವುಗಳಲ್ಲಿ ಹೆಚ್ಚಿನವು ಮೊದಲ ರ‍್ಯಾಂಕಿನ ಚಿನ್ನದ ಪದಕಕ್ಕೆ, ಕೆಲವು ನಾನೀಗ ಮಾಡುತ್ತಿರುವಂಥ ದತ್ತಿ ಭಾಷಣಕ್ಕೆ. ಇನ್ನು ಮುಂದೆ ದತ್ತಿ ಇಡಬಯಸುವವರು ನಿಂತ ಮಗ್ಗದ ದಿನಗಳಿಗೆಂದು ಒಂದನ್ನು ಇಡಲಿ ಎಂದು ಕೋರುತ್ತೇನೆ. ಅದರ ನಿಯಮಾವಳಿಯಲ್ಲಿ ಒಂದು ಷರತ್ತು ಇರಲೇಬೇಕು: ಹಣ ನೇಕಾರರ ಕೈಗೆ ಊರು ಬಿಡುವ ಮೊದಲೇ ಸೇರಬೇಕು, ಬಿಲ್ ಪಾಸಾಗುವವರೆಗೆ ಕಾಯಿಸುವಂತಿಲ್ಲ.